ಟಿಟ್ಟು ಯಾರದು, ಟ್ಯಾಟು ಯಾರದು

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಎರಡು ಮೈಲಿ ಒಳಗಿರುವ ಬಿಳಿಗಲ್ಲಹಳ್ಳಿಗೆ ಕರೆಂಟು ಯಾವ ವರ್ಷ ಬಂತು, ಟಾರು ಯಾವ ವರ್ಷ ಬಂತು ಎಂಬುದು ಯಾರಿಗೂ ಸರಿಯಾಗಿ ನೆನಪಿಲ್ಲ. 'ಟಿಟ್ ಫಾರ್ ಟ್ಯಾಟ್' ಹೇಗೆ ಬಂತು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ತಂದವರು ಚೆನ್ನಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಅವರು ಪ್ರತಿ ವರ್ಷ ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಅದನ್ನು ಬರೆದು, ಅಡಿಗೆರೆ ಎಳೆದು, "ಏಟಿಗೆ ಎದಿರೇಟು ಅಂತ ಅರ್ಥ. ಒಂದು ಮಾರ್ಕಿಗೆ ಗ್ಯಾರಂಟಿ. ಬರ್ಕಳಿ" ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಫೇಲಾದವರೆಲ್ಲ ಆ ಒಂದು ಮಾರ್ಕನ್ನು ಮಾತ್ರ ಗಳಿಸಿಕೊಂಡು ಊರಿಗೆ ವಾಪಸು ಬಂದರು.

ಆಮೇಲೆ ಅದು ಊರಿನ ಮಾತೇ ಆಯಿತು. ಸೊಸೆ ಸಾರಿಗೆ ಉಪ್ಪು ಮರೆತರೆ ಅತ್ತೆ ಕಾಫಿಗೆ ಸಕ್ಕರೆ ಮರೆತಳು: ಟಿಟ್ ಫಾರ್ ಟ್ಯಾಟ್. ಕೇಳಿದ ಕಡೆ ಬಸ್ಸು ನಿಲ್ಲಿಸದ ಡ್ರೈವರನ್ನು ಮರುದಿನ ಹತ್ತು ಜನ ಕೈಯಡ್ಡ ಹಾಕಿ ನಿಲ್ಲಿಸಿದರು. ಒಬ್ಬನೂ ಹತ್ತದೆ, ಬಸ್ಸಿನ ಮೈ ತಟ್ಟಿ, ಕಂಡಕ್ಟರನ ಮೂಗುದನಿಯಲ್ಲೇ "ರಾಯ್ಟ್ ರಾಯ್ಟ್, ಓಗ್ಲಿ ಓಗ್ಲಿ" ಎಂದು ಕಳಿಸಿಕೊಟ್ಟರು. ತನ್ನ ಮಗಳ ಮದುವೆಗೆ ಬಾರದ ನೆಂಟನ ತಿಥಿಗೆ ಹೋಗದೆ ಮನೆಯಲ್ಲೇ ಕುಳಿತ ಸಣ್ಣಯ್ಯ, "ಟಿಟ್ ಫಾರ್ ಟ್ಯಾಟ್ ಕಣಪ್ಪ, ನಂದೇನೂ ತಪ್ಪಿಲ್ಲ" ಎಂದ. ಸತ್ತವನಿಗೆ ಅದು ಮುಟ್ಟಿತೋ ಇಲ್ಲವೋ. ಮುಂದಿನ ಹಲ್ಲಿಲ್ಲದ ದೊಡ್ಡಮ್ಮ ಕೂಡ ತನ್ನ ಸೊಪ್ಪಿನ ಮಡಿಗೆ ಬಂದ ಕೋಳಿಯ ಕಾಲು ಮುರಿದು "ತಿಪ್ಪಾತಾತು" ಎನ್ನುತ್ತಿದ್ದಳು. ಕೋಳಿಗೂ ಅರ್ಥವಾಗುತ್ತಿತ್ತು.

ದೊಡ್ಡಮ್ಮನ ಮೈದುನನ ಮಗ ಶಶಿಕುಮಾರ್ ಅದನ್ನು ಗಾಡಿಗೇ ಬರೆಸಿದ. ಹೊಗೆಸೊಪ್ಪಿನ ಬೇಲು ಹರಾಜಿಗೆ ಸಾಗಿಸಲೆಂದು ಕೊಂಡಿದ್ದ ಗೂಡ್ಸ್ ಗಾಡಿ ಅದು. ಹೊಳೆನರಸೀಪುರದ ಪೇಂಟರ್, "ತಂದೆ ತಾಯಿ ಆಶೀರ್ವಾದ ಅಂತ ಬರೀಲಾಣ್ಣ?" ಎಂದು ಕೇಳಿದ್ದಕ್ಕೆ, "ಅದು ಎಲ್ರು ಗಾಡೀಲೂ ಐತೆ. ನಂಗೆ ಟಿಟ್ ಫಾರ್ ಟ್ಯಾಟ್ ಬರಿ. ಕೆಂಪಗ್ ಬರಿ. ಇಂದ್ಗಡೆಯೋನು ಆರನ್ ಒಡೆಯಕ್ ಮುಂಚೆ ಓದ್ಕಬೇಕು" ಎಂದ.

ಜಗಳದ ಬುಡ ಇದ್ದದ್ದು ಒಂದು ಸಿಲ್ವರ್ ಮರದ ಬುಡದಲ್ಲಿ. ಶಶಿಯ ಹೊಲಕ್ಕೂ ಬಸವರಾಜುವಿನ ಹೊಲಕ್ಕೂ ನಡುವಿನ ಬದುವಿನ ಮೇಲೆ ಅದು ಬೆಳೆದಿತ್ತು. ಸೊಪ್ಪು ಬೇಯಿಸಲು ಸೌದೆ ಬೇಕೆಂದು ಬಸವರಾಜು ಅದನ್ನು ಕಡಿದ. ಶಶಿಯ ಕಥೆ ಶುರುವಾಗುವುದು ಅಲ್ಲಿಂದ. ಬಸವರಾಜುವಿನ ಕಥೆ ಅದಕ್ಕೂ ಒಂದು ವಾರ ಹಿಂದೆ, ಶಶಿ ಆ ಬದುವನ್ನು ಎರಡು ಮೊಳ ಕೆತ್ತಿದಲ್ಲಿಂದ ಶುರುವಾಗುತ್ತಿತ್ತು. ಕೆತ್ತಿದ್ದಕ್ಕೆ ಶಶಿಯ ಬಳಿ ಇನ್ನೂ ಹಿಂದಿನ ಕಾರಣವೊಂದಿತ್ತು. ಹೀಗೆ ಹಿಂದೆ ಹಿಂದೆ ಹೋದರೆ ಇಬ್ಬರ ತಾತಂದಿರೂ ಸಮಾಧಿಯಿಂದ ಎದ್ದು ಬಂದು ಸಾಕ್ಷಿ ಹೇಳಬೇಕಾಗುತ್ತಿತ್ತು.

ಮುಂದಕ್ಕಂತೂ ಅದು ಬೇಗ ಬೇಗ ಹೋಯಿತು. ಮರ ಬಿದ್ದ ಮೂರನೇ ದಿನ ಶಶಿ ಬಸವರಾಜುವಿನ ಶುಂಠಿಯ ನೀರಿನ ಪೈಪನ್ನು ಹನ್ನೊಂದು ಕಡೆ ಕತ್ತರಿಸಿದ. ಬಸವರಾಜು ಅರಕಲಗೂಡು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಜನರ ಎದುರು, ಕುಡಿಯುತ್ತಿದ್ದ ಟೀ ಲೋಟದ ಸಮೇತ ಶಶಿಯ ಕೆನ್ನೆಗೆ ಬಾರಿಸಿದ. ಗಾಜು ಒಳಗೆ ಹೋಯಿತು, ಹಲ್ಲು ಹೊರಗೆ ಬಂತು. ಶಶಿ ಜೋಳದ ಹೊಲದಲ್ಲಿ ಅಡಗಿ ಕುಳಿತು ಗುದ್ದಲಿಯ ಕಾವಿನಿಂದ ಬಸವರಾಜುವಿನ ತಲೆ ಒಡೆದ. ಆರು ಹೊಲಿಗೆ. ಹೊಲಿಗೆ ಬಿಚ್ಚುವವರೆಗೂ ಬಸವರಾಜು ಸುಮ್ಮನಿದ್ದ. ಬಿಚ್ಚಿದ ಮರುದಿನ ಸೈಕಲ್ ಚೈನು ಹಿಡಿದು ಹೊರಟ. ಅವತ್ತು ಶಶಿ ಸಿಗಲಿಲ್ಲ. ಅವನ ತಮ್ಮ ಮನು ಸಿಕ್ಕಿದ.

ಮನುವಿಗೆ ಇಪ್ಪತ್ತೆರಡು. ಐಟಿಐ ಮುಗಿಸಿ ಮೋಟರು ರಿಪೇರಿ ಮಾಡುತ್ತಿದ್ದ. ಕೆರೆ ಏರಿಯ ಮೇಲೆ ಪಂಪಿನ ಮುಂದೆ ಬಗ್ಗಿ ಕುಳಿತಿದ್ದವನ ಬೆನ್ನಿಗೆ ಗುರಿಯಿಟ್ಟೇ ಬಸವರಾಜು ಚೈನು ಬೀಸಿದ್ದು. ಹೆಜ್ಜೆ ಸದ್ದು ಕೇಳಿ ಮನು, "ಏನ್ ಮಾವ?" ಎಂದು ತಿರುಗಿದ. ಚೈನಿನ ತುದಿ ಎಡಗಣ್ಣಿಗೆ ಹೋಯಿತು.

ಹಾಸನದ ಆಸ್ಪತ್ರೆಯಲ್ಲಿ ಆ ಕಣ್ಣನ್ನು ತೆಗೆದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಶಶಿ, "ಎತ್ತು ಕೊಂಬು ಆಕ್ತು ಸಾ" ಎಂದು ಬರೆಸಿದ. ಹೆಂಡತಿ ಭವ್ಯಶ್ರೀ ಅವನ ಮುಖವನ್ನೇ ನೋಡಿದಳು.

"ಯಾಕಂಗಂದ್ರಿ? ಕೇಸ್ ಆಕ್ಬೌದಿತ್ತು."

"ಕೇಸ್ ಆಕುದ್ರೆ ಅವನ್ನ ಪೊಲೀಸ್ನೋರು ಒಡಿತಾರೆ. ಅದು ಅವರ ಏಟಾಯ್ತದೆ. ನಂದಲ್ಲ."

"ಮತ್ತೆ?"

"ಕಣ್ಣಿಗೆ ಕಣ್ಣು. ಈ ಸೊಪ್ಪಿನ ಕಾಲ ಮುಗಿಯೋದ್ರೊಳಗೆ ಬಸ್ರಾಜನ ಎಡಗಣ್ಣು ನನ್ ಕೈಲಿರ್ತದೆ. ಬರ್ಕ."

ಹಾಗೆಂದವನು ಕೆರೆ ಏರಿಯಲ್ಲಿ ಬಿದ್ದಿದ್ದ ಅದೇ ಚೈನನ್ನು ತಂದು, ತೊಳೆಯದೆ, ಟವೆಲ್ಲಿನಲ್ಲಿ ಸುತ್ತಿ ಗಾಡಿಯ ಸೀಟಿನ ಕೆಳಗೆ ಇಟ್ಟ.

ಒಂದು ಸಂಜೆ ಅವನು ಚೆನ್ನಯ್ಯ ಮೇಷ್ಟ್ರ ಜಗಲಿಗೂ ಹೋಗಿ ಬಂದ. ಮಾಡಲು ಹೊರಟದ್ದಕ್ಕೆ ಒಬ್ಬ ವಿದ್ಯಾವಂತರ ರುಜು ಇರಲಿ ಎಂದೇನೋ.

"ಸಾ, ಟಿಟ್ ಫಾರ್ ಟ್ಯಾಟ್ ಅಂದ್ರೆ ಅಷ್ಟಕ್ಕೆ ಅಷ್ಟೇ ಅಲ್ವರಾ? ಒಂದು ಕಣ್ಣಿಗೆ ಒಂದೇ ಕಣ್ಣು. ಎರಡು ತೆಗುದ್ರೆ ತಪ್ಪು, ಬುಟ್ಬುಟ್ರೂ ತಪ್ಪು."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಮೂವತ್ತು ವರ್ಷ ಅದನ್ನ ಒಂದು ಮಾರ್ಕಿಗೆ ಕೇಳ್ದೆ ಕಣಯ್ಯ. ಒಬ್ಬನೂ ನನ್ನ ತಿರುಗಿ ಒಂದು ಪ್ರಶ್ನೆ ಕೇಳ್ಲಿಲ್ಲ."

"ಏನ್ ಸಾ?"

"ಟಿಟ್ ಯಾವ್ದು, ಟ್ಯಾಟ್ ಯಾವ್ದು ಅಂತ. ಮೊದಲ್ನೇ ಏಟು ಟಿಟ್ಟು, ತಿರುಗಿ ಕೊಡೋದು ಟ್ಯಾಟು. ಬಸವರಾಜ ಮೊನ್ನೆ ಬಂದು ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತಿದ್ದ. ಅವನೂ ನಂದು ಟ್ಯಾಟು ಅಂದ. ನೀನೂ ನಂದು ಟ್ಯಾಟು ಅಂತೀಯ. ಈ ಊರಲ್ಲಿ ಇಷ್ಟು ತಲೆ ಒಡೆದವೆ, ಒಬ್ಬನೂ ಟಿಟ್ ಒಡೆದೋನಿಲ್ಲ ನೋಡು."

ಶಶಿ ಎದ್ದು ನಿಂತ. "ನೀವು ಅರ್ಥ ಏಳಿ ಸಾ ಅಂದ್ರೆ ಪ್ರಶ್ನೆ ಕೇಳ್ತೀರ."

"ರಿಟೈರ್ ಆದ್ಮೇಲೆ ಅದೇ ಕೆಲ್ಸ" ಎಂದರು ಮೇಷ್ಟ್ರು.

ಈ ಎರಡು ಮನೆಗಳ ನಡುವೆ ಒಂದು ಕಾಲದಲ್ಲಿ ಹೀಗಿರಲಿಲ್ಲ. ಸೊಪ್ಪಿನ ಕಾಲದಲ್ಲಿ ಎರಡೂ ಮನೆಯವರು ಒಟ್ಟಿಗೇ ದುಡಿಯುತ್ತಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂದರೆ ಕಿಟಕಿಯಿಲ್ಲದ, ಮನೆಗಿಂತ ಎತ್ತರದ ಇಟ್ಟಿಗೆಯ ಕೋಣೆ. ಒಳಗೆ ಗೋಡೆಯಿಂದ ಗೋಡೆಗೆ, ಅಂತಸ್ತಿನ ಮೇಲೆ ಅಂತಸ್ತಾಗಿ ಅಡ್ಡಮರಗಳು. ಹೆಂಗಸರು ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಗಂಡಸರು ಆ ಕಡ್ಡಿಗಳನ್ನು ಮೇಲಿಂದ ಕೆಳಗಿನವರೆಗೆ ಅಡ್ಡಮರಗಳಿಗೆ ಏರಿಸುತ್ತಾರೆ. ಏರಿಸುವವನು ಹದಿನಾರು ಅಡಿ ಎತ್ತರದಲ್ಲಿ, ಒಂದು ಕಾಲು ಈ ಮರದ ಮೇಲೆ, ಇನ್ನೊಂದು ಕಾಲು ಆ ಮರದ ಮೇಲೆ ಇಟ್ಟು, ಕವೆಯ ಹಾಗೆ ನಿಂತಿರಬೇಕು. ಎರಡೂ ಕೈಯಲ್ಲಿ ಸೊಪ್ಪಿನ ಭಾರ. ಕೆಳಗಿನವನು ಒಂದು ಬೆರಳಲ್ಲಿ ನೂಕಿದರೂ ಸಾಕು, ಬಿದ್ದ.

ಹಾಗಾಗಿ ಎಲ್ಲೂ ಬರೆದಿಡದ ಒಂದು ಕಟ್ಟಳೆಯಿತ್ತು: ಮೇಲಿರುವವನನ್ನು ಮುಟ್ಟಬಾರದು. ಎಂಥ ಹಗೆಯಿದ್ದರೂ ಅದು ಬ್ಯಾರನ್ನಿನ ಬಾಗಿಲಾಚೆಗೆ. ಕುಡಿದು ಬಂದವನೂ ಒಳಗೆ ಯಾರಾದರೂ ಮೇಲಿದ್ದರೆ ಬೈಗುಳ ನುಂಗಿಕೊಂಡು ಹೊರಗೆ ಕಾಯುತ್ತಿದ್ದ. ಏರಿಸುವುದರಲ್ಲಿ ಸುತ್ತ ಏಳು ಹಳ್ಳಿಗೆ ಶಶಿಯ ಸಮ ಇರಲಿಲ್ಲ. ಮನುವಿಗೂ ಬಸವರಾಜುವಿನ ಮಗ ಗೌರೀಶನಿಗೂ ಆ ಕೆಲಸ ಕಲಿಸಿದವನು ಅವನೇ. ಮೊದಲ ದಿನ ಇಬ್ಬರ ಕಿವಿ ಹಿಡಿದು ಹೇಳಿದ್ದ: "ಮೇಲಿರೋನ್ಗೆ ಕೆಳಗಿರೋನು ಎತ್ತವ್ವ ಇದ್ದಂಗೆ ಕಣ್ರುಲಾ. ತಮಾಸೆಗೂ ಕಾಲು ಮುಟ್ಟಕೂಡ್ದು. ಮುಟ್ಟಿದ್ರೆ ಆ ಕೈನೇ ಕಡ್ದಾಕ್ತೀನಿ."

ಹೆಂಗಸರ ಕಡೆ ಇನ್ನೊಂದು ಕಟ್ಟಳೆ: ಮುಯ್ಯಾಳು. ಒಂದು ದಿನ ನೀನು ನನ್ನ ಸೊಪ್ಪು ಕಟ್ಟಲು ಬಂದರೆ ಇನ್ನೊಂದು ದಿನ ನಾನು ನಿನ್ನದಕ್ಕೆ ಬರಬೇಕು. ಕೂಲಿಯಿಲ್ಲ. ಮಾತು ಬಿಟ್ಟ ಮನೆಯಾದರೂ ಮುಯ್ಯಾಳು ತೀರಿಸಲೇಬೇಕು. ತೀರಿಸದವಳ ಸೊಪ್ಪು ಕಟ್ಟಲು ಊರಿನ ಒಬ್ಬ ಹೆಂಗಸೂ ಮತ್ತೆ ಬರುವುದಿಲ್ಲ, ಸೊಪ್ಪು ಹೊಲದಲ್ಲೇ ಕೊಳೆಯುತ್ತದೆ. ಹೋದ ವರ್ಷದ ಕೊನೆಯಲ್ಲಿ ಬಸವರಾಜುವಿನ ಹೆಂಡತಿ ದಾಕ್ಷಾಯಣಮ್ಮ ಶಶಿಯ ಬ್ಯಾರನ್ನಿಗೆ ಮೂರು ದಿನ ಬಂದಿದ್ದಳು. ಆ ಮೂರು ದಿನ ಭವ್ಯಶ್ರೀಯ ಮೇಲಿತ್ತು.

"ನಾಳೆ ಕಟ್ತಾ ಇದೀವಿ" ಎಂದು ದಾಕ್ಷಾಯಣಮ್ಮ ಮಂಗಳವಾರ ನಲ್ಲಿಯ ಹತ್ತಿರ ಬಿಂದಿಗೆಗೆ ಹೇಳುವ ಹಾಗೆ ಹೇಳಿದಳು.

"ಬತ್ತೀನಿ" ಎಂದು ಭವ್ಯಶ್ರೀ ತನ್ನ ಬಿಂದಿಗೆಗೆ ಹೇಳಿದಳು.

ಗಂಡನಿಗೆ ಹೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆ. ಬೇಡ ಎಂದಮೇಲೆ ಹೋಗುವುದಕ್ಕಿಂತ ಕೇಳದೆ ಹೋಗುವುದು ಮರ್ಯಾದೆ.

ಬುಧವಾರ ಬೆಳಿಗ್ಗೆ ಆರಕ್ಕೇ ಶಶಿ ಮನುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೋದ. ಗಾಯ ಮಾಗಿದೆ, ಇನ್ನು ಗಾಜಿನ ಕಣ್ಣು ಇಡಬಹುದು ಎಂದರು ಡಾಕ್ಟರು. ಬರುವಾಗ ದಾರಿಯುದ್ದಕ್ಕೂ ಮನು ಕಿಟಕಿಯ ಆಚೆ ನೋಡುತ್ತಿದ್ದ. ಅರಕಲಗೂಡು ದಾಟಿದ ಮೇಲೆ ನಕ್ಕ.

"ದಿನಾ ತೆಗ್ದು ತೊಳೀಬೇಕಂತೆ ಕಣಣ್ಣ. ಗೋಲಿ ಇದ್ದಂಗೆ. ನಮ್ ಐಟಿಐ ಉಡುಗ್ರೆಲ್ಲ ಒಂದ್ಸಲ ಆಡೋಕ್ ಕೊಡ್ಲಾ ಅಂತಾರೆ, ನೋಡ್ತಿರು."

ಅವನು ಅತ್ತಿದ್ದರೆ ಶಶಿ ಏನಾದರೂ ಸಮಾಧಾನ ಹೇಳುತ್ತಿದ್ದ. ನಕ್ಕದ್ದರಿಂದ ಗಾಡಿಯ ವೇಗ ಹೆಚ್ಚಿಸಿದ.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಮಧ್ಯಾಹ್ನ ಹನ್ನೆರಡೂವರೆ. ಭವ್ಯಶ್ರೀ ಇರಲಿಲ್ಲ, ದೊಡ್ಡಮ್ಮನೂ ಇರಲಿಲ್ಲ. ಎಲ್ಲೋ ಸೊಪ್ಪು ಕಟ್ಟಲು ಹೋಗಿರಬೇಕು ಎಂದುಕೊಂಡ. ಮನುವನ್ನು ಒಳಗೆ ಮಲಗಿಸಿ ಹಿತ್ತಿಲಿಗೆ ಬಂದರೆ, ಬದುವಿನಾಚೆ ಬಸವರಾಜುವಿನ ಬ್ಯಾರನ್ನಿನ ಬಾಗಿಲು ತೆರೆದಿತ್ತು. ಆಚೆ ಬದಿಯ ಚಪ್ಪರದಲ್ಲಿ ಹೆಂಗಸರ ಮಾತು ಕೇಳುತ್ತಿತ್ತು. ಸೊಪ್ಪು ಏರಿಸುತ್ತಿದ್ದಾರೆ. ಏರಿಸುವವನು ಬಸವರಾಜು.

ಶಶಿ ಸೀಟಿನ ಕೆಳಗಿಂದ ಟವೆಲ್ಲು ತೆಗೆದು ಬಿಚ್ಚಿದ. ಚೈನನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡ. ಸಿಲ್ವರ್ ಮರದ ಮೋಟನ್ನು ದಾಟಿ ಬದು ಇಳಿದ.

ಬಿಸಿಲಿನಿಂದ ಒಳಗೆ ಹೋದವನಿಗೆ ಮೊದಲು ಏನೂ ಕಾಣಲಿಲ್ಲ. ಹಸಿ ಸೊಪ್ಪಿನ ಅಂಟು ವಾಸನೆ. ಮೇಲೆ ಎಲ್ಲೋ ಮರ ಕಿರುಗುಟ್ಟಿತು. ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಮೊದಲು ಕಂಡದ್ದು ಎರಡು ಪಾದ, ಒಂದೊಂದು ಒಂದೊಂದು ಮರದ ಮೇಲೆ, ಬೆರಳು ಬಿಗಿಹಿಡಿದು. ಕೆಳಗಿಂದ ಕಡ್ಡಿ ಕೊಡಬೇಕಾಗಿದ್ದ ಗೌರೀಶ ಇನ್ನೊಂದು ಹೊರೆ ತರಲು ಚಪ್ಪರಕ್ಕೆ ಹೋಗಿದ್ದ.

"ಕೊಡ್ಲಾ ಮಗ" ಎಂದ ಬಸವರಾಜು, ಕೆಳಗೆ ನೋಡದೆ. "ಎಷ್ಟೊತ್ತಿಂದ ನಿಂತಿರ್ಲಿ, ತೊಡೆ ಸೋತೋಯ್ತವೆ."

ಕೆಳಗೆ ಇಳಿಯುವವರೆಗೂ ಕಾಯಬೇಕು ಎಂದು ಶಶಿಯ ತಲೆ ಹೇಳಿತು. ಗಾಜಿನ ಗೋಲಿಯನ್ನು ನೆನೆದ ಕೈ ಅದನ್ನು ಕೇಳಲಿಲ್ಲ. ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಚೈನು ಬೀಸಿದ. ಅದು ಬಸವರಾಜುವಿನ ಎಡಗಾಲಿನ ಹರಡಿಗೆ ಹಾವಿನ ಹಾಗೆ ಸುತ್ತಿಕೊಂಡಿತು. ಎಳೆದ.

ಬಸವರಾಜು ಕಿರುಚಲಿಲ್ಲ. ಕಿರುಚಲು ಹೊತ್ತೂ ಇರಲಿಲ್ಲ. ಒಂದು ಅಡ್ಡಮರ ಸೊಂಟಕ್ಕೆ ಬಡಿಯಿತು, ಇನ್ನೊಂದು ದವಡೆಗೆ. ಆಮೇಲೆ ನೆಲದ ಮೇಲಿನ, ಒಲೆಯ ಕಾವು ಸಾಗುವ ತಗಡಿನ ಕೊಳವೆಗೆ ಇಡೀ ಮೈ ಅಪ್ಪಳಿಸಿ, ಕೊಳವೆ ತಗ್ಗಾಯಿತು. ಮೂಳೆ ಮುರಿದದ್ದು ಒಣ ಸೌದೆ ಮುರಿದ ಹಾಗೆ ಕೇಳಿತು. ಅವನ ಮೇಲೆ ಆರೆಂಟು ಕಡ್ಡಿ ಸೊಪ್ಪು ಉದುರಿ ಬಿತ್ತು.

ಶಶಿ ಇಳಿದು ಸೊಪ್ಪನ್ನು ಕಾಲಿನಿಂದ ಸರಿಸಿದ. ಬಸವರಾಜುವಿನ ಬಾಯಲ್ಲಿ ರಕ್ತ ಗುಳ್ಳೆಗಟ್ಟುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ಕಣ್ ಬುಡ್ಲಾ" ಎಂದ ಶಶಿ. ಎದೆಯ ಮೇಲೆ ಮೊಣಕಾಲೂರಿ ರೆಪ್ಪೆಗೆ ಹೆಬ್ಬೆರಳು ಹಾಕಿದ. "ಬುಡು ಕಣ್ಣ. ನನ್ ತಮ್ಮ ಬುಟ್ಕೊಂಡೇ ನೋಡ್ದ ನಿನ್ನ, ಮಾವ ಅಂತ."

ಚೈನು ಎತ್ತಿದ ಮಣಿಕಟ್ಟಿನ ಮೇಲೆ ಹಿಂದಿನಿಂದ ಒಂದು ಏಟು ಬಿತ್ತು. ಸೊಪ್ಪಿನ ಕಡ್ಡಿಯ ಏಟು. ಇನ್ನೊಂದು ಬಿತ್ತು, ಅದೇ ಜಾಗಕ್ಕೆ. ಚೈನು ಕೈಜಾರಿತು. ತಿರುಗಿ ನೋಡಿದರೆ ಮೊಣಕೈವರೆಗೂ ಸೊಪ್ಪಿನ ಕಪ್ಪು ಅಂಟು ಮೆತ್ತಿಕೊಂಡಿದ್ದ ಭವ್ಯಶ್ರೀ.

"ನೀನ್ಯಾಕೆ ಇಲ್ಲಿದ್ದೀಯ?"

"ಮುಯ್ಯಿಗೆ ಬಂದೀವ್ನಿ." ಅವಳು ಮೂರನೆಯದನ್ನು ಅವನ ಭುಜಕ್ಕೆ ಹೊಡೆದಳು. ಕಡ್ಡಿ ಮುರಿಯಿತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಗಂಡನನ್ನು ಏಕವಚನದಲ್ಲಿ ಕೇಳಿದಳು: "ಮೇಲಿದ್ದೋನ್ನ ಎಳುದ್ಯಾ ನೀನು?"

ಆಗ ಗೌರೀಶ ಬಂದ. ಕೈಯಲ್ಲಿದ್ದ ಹೊರೆಯನ್ನು ಎಸೆದು ಶಶಿಯ ಕತ್ತಿಗೆ ಕೈ ಹಾಕಿ, ತಲೆಯನ್ನು ಇಟ್ಟಿಗೆ ಗೋಡೆಗೆ ಒಮ್ಮೆ, ಮತ್ತೊಮ್ಮೆ ಜಜ್ಜಿದ. ಮೂರನೆಯದಕ್ಕೆ ಬಸವರಾಜು ನರಳಿದ್ದು ಕೇಳಿ ಬಿಟ್ಟ.

ಊರಿನಲ್ಲಿ ಆ ಹೊತ್ತಿಗೆ ಇದ್ದ ಗಾಡಿ ಒಂದೇ. ಗೌರೀಶ ಏನೂ ಕೇಳದೆ ಶಶಿಯ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದ. ಪಕ್ಕದ ಹೊಲದಲ್ಲಿದ್ದ ಸಣ್ಣಯ್ಯ ಡ್ರೈವ್ ಮಾಡಲು ಓಡಿ ಬಂದ. ಬಸವರಾಜುವನ್ನು ಗೋಣಿತಾಟಿನಲ್ಲಿ ಎತ್ತಿ ಹಿಂದೆ ಮಲಗಿಸಿದರು. ದಾಕ್ಷಾಯಣಮ್ಮ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗೌರೀಶನೂ ಹತ್ತಲು ಹೋದ.

"ನೀನ್ ಬ್ಯಾಡ" ಎಂದ ಬಸವರಾಜು. ಮುರಿದ ದವಡೆಯಿಂದ ಮಾತು ಅಗಿದಂತೆ ಬರುತ್ತಿತ್ತು. "ಸೊಪ್ಪು… ಏರ್ಸು. ಕಾವು ಬಂದ್ಬುಡ್ತದೆ."

ಗಾಡಿ ಹೋಯಿತು. ಧೂಳಿನಲ್ಲಿ ಆ ಕೆಂಪು ಅಕ್ಷರಗಳು ತಿರುವಿನವರೆಗೂ ಕಾಣುತ್ತಿದ್ದವು.

ಚಪ್ಪರದಲ್ಲಿ ಹನ್ನೊಂದು ಹೆಂಗಸರು ನಿಂತಿದ್ದರು. ಮುನ್ನೂರಕ್ಕೂ ಹೆಚ್ಚು ಕಡ್ಡಿ ಕಟ್ಟಿ ಮುಗಿದಿತ್ತು, ಮೇಲೆ ಏರಿದ್ದು ಅರವತ್ತು. ಕಟ್ಟಿದ ಹಸಿ ಸೊಪ್ಪು ರಾಶಿಯಲ್ಲೇ ಬಿದ್ದಿದ್ದರೆ ಒಳಗೊಳಗೇ ಬಿಸಿಯಾಗಿ ಸಂಜೆಯೊಳಗೆ ಕಪ್ಪಾಗುತ್ತದೆ. ಏರಿಸಬಲ್ಲ ಗಂಡಸರೆಲ್ಲ ಅವತ್ತು ಚನ್ನರಾಯಪಟ್ಟಣದ ಕಡೆ ಒಂದು ಮದುವೆಗೆ ಹೋಗಿದ್ದರು.

ಗೌರೀಶ ತಾನೇ ಏಣಿಗೆ ಕಾಲಿಟ್ಟ. ನಾಲ್ಕು ಮೆಟ್ಟಿಲು ಹತ್ತಿ, ತಗ್ಗಾದ ಕೊಳವೆಯನ್ನು ನೋಡಿ ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ.

ದೊಡ್ಡಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದಳು. "ಇಳಿಸ್ದೋನು ಅತ್ಲಿ" ಎಂದಳು.

ಎಲ್ಲರೂ ಶಶಿಯ ಕಡೆ ನೋಡಿದರು. ಅವನ ಮನೆ ಬದುವಿನಾಚೆ ಐವತ್ತು ಹೆಜ್ಜೆ. ಎದ್ದು ಹೋಗಬಹುದಿತ್ತು. ಯಾರಾದರೂ ಬೈದಿದ್ದರೆ ತಿರುಗಿ ಬೈದು ಹೋಗುತ್ತಿದ್ದ, ಹೊಡೆದಿದ್ದರೆ ತಿರುಗಿ ಹೊಡೆದು. ಯಾರೂ ಏನೂ ಕೊಡಲಿಲ್ಲ. ತಿರುಗಿ ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಹೆಂಡತಿ ಆಗಲೇ ಕುಳಿತು ಇನ್ನೊಂದು ಕಡ್ಡಿಗೆ ಸೊಪ್ಪು ಕಟ್ಟಲು ಶುರು ಮಾಡಿದ್ದಳು.

ಶಶಿ ಅಂಗಿ ಬಿಚ್ಚಿಟ್ಟು ಏಣಿ ಹತ್ತಿದ.

ಕೆಳಗೆ ಗೌರೀಶ ನಿಂತ. ಹೊರೆ ಎತ್ತಿಕೊಳ್ಳುವ ಮುಂಚೆ ನೆಲದಲ್ಲಿ ಬಿದ್ದಿದ್ದ ಚೈನನ್ನು ಎತ್ತಿ, ಬಲಗೈಗೆ ಎರಡು ಸುತ್ತು ಸುತ್ತಿಕೊಂಡ. ಮೇಲಿಂದ ಶಶಿ ಅದನ್ನು ನೋಡಿದ. ಇಳಿಯಲಿಲ್ಲ. ಬಲಗಾಲು ಒಂದು ಮರದ ಮೇಲೆ, ಎಡಗಾಲು ಇನ್ನೊಂದರ ಮೇಲೆ.

"ಕೊಡು" ಎಂದ.

ಗೌರೀಶ ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಚಾಚಿದ ಮೊದಲ ಕಡ್ಡಿ ಬಂತು. ಅದರ ಜೊತೆ ಚೈನಿನ ಸದ್ದೂ ಬಂತು, ಗಿಲಿಗಿಲಿ ಎಂದು, ಅವನ ಹರಡಿನ ಪಕ್ಕದಲ್ಲೇ. ಎರಡನೆಯದು ಬಂತು. ಹತ್ತನೆಯದು. ಪ್ರತಿ ಸಲವೂ ಗೌರೀಶನ ಮುಷ್ಟಿ ಅವನ ಕಾಲ ಹತ್ತಿರ ಬಂದು, ಅರೆಗಳಿಗೆ ನಿಂತು, ಹೋಗುತ್ತಿತ್ತು. ಕೈಯಲ್ಲಿ ಭಾರವಿದ್ದಾಗ ಕೆಳಗೆ ನೋಡಲಾಗದು. ನೋಡಿದರೆ ತೂಕ ತಪ್ಪುತ್ತದೆ. ಬರೀ ಸದ್ದು ಕೇಳಬೇಕು. ಒಮ್ಮೆ ಸದ್ದು ನಿಂತುಹೋಯಿತು. ಕಡ್ಡಿಯೂ ಬರಲಿಲ್ಲ. ತಣ್ಣನೆಯ ಕಬ್ಬಿಣ ಅವನ ಎಡ ಹಿಮ್ಮಡಿಗೆ ತಾಗಿತು. ತಾಗಿ, ಅಲ್ಲೇ ಇತ್ತು.

ಶಶಿಯ ತೊಡೆಯ ಒಳಗಿನಿಂದ ಬೆವರು ಇಳಿಯಿತು. ಬರೀ ಬೆವರೇ ಅಲ್ಲ. ಎರಡು ಗಂಟೆಯ ಹಿಂದೆ ಇದೇ ಜಾಗದಲ್ಲಿ ನಿಂತು "ಕೊಡ್ಲಾ ಮಗ" ಎಂದವನಿಗೆ ಇದಾವುದೂ ಗೊತ್ತಿರಲಿಲ್ಲ. ಅವನಿಗೆ ಅಷ್ಟು ಮಟ್ಟಿಗೆ ಒಳ್ಳೆಯದಾಯಿತು ಎಂದು ಶಶಿಗೆ ಅನ್ನಿಸಿತು.

"ಏನ್ಲಾ ನಿಂತೋಯ್ತು?" ಹೊರಗಿಂದ ದೊಡ್ಡಮ್ಮ ಕೂಗಿದಳು.

ಕಡ್ಡಿ ಬಂತು.

ನೂರೈವತ್ತು ದಾಟಿದ ಮೇಲೆ ಮರದ ಮೇಲೆಲ್ಲ ಸೊಪ್ಪಿನ ರಸ ಹತ್ತಿ ಜಾರಲು ಶುರುವಾಯಿತು. ಶಶಿಯ ಬಲಗಾಲು ಒಮ್ಮೆ ಸರ್ರನೆ ಜಾರಿತು. ಎರಡೂ ಕೈಯಲ್ಲಿ ಕಡ್ಡಿ. ಮೈ ಗಾಳಿಗೆ ವಾಲಿತು. ಕೆಳಗಿಂದ ಒಂದು ಅಂಗೈ ಅವನ ಪಾದದಡಿಗೆ ಬಂದು, ಚೈನಿನ ಸಮೇತ ಚರ್ಮ ಕಿತ್ತುಬರುವಂತೆ ಒತ್ತಿ, ಕಾಲನ್ನು ತಿರುಗಿ ಮರದ ಮೇಲೆ ಇಟ್ಟಿತು.

"ನೋಡ್ಕೊಂಡ್ ಇಡು" ಎಂದ ಗೌರೀಶ. ಮಾವ ಎನ್ನಲಿಲ್ಲ.

ಕೊನೆಯ ಅಂತಸ್ತು ಮುಗಿದಾಗ ನಾಲ್ಕು ಗಂಟೆ. ಗೌರೀಶ ಚಪ್ಪರದಲ್ಲಿ ಬಿಟ್ಟಿದ್ದ ಫೋನು ಭವ್ಯಶ್ರೀಯ ಕೈಯಲ್ಲಿ ಬಡಿದುಕೊಂಡಿತು. ಹಾಸನದಿಂದ ದಾಕ್ಷಾಯಣಮ್ಮ. ಭವ್ಯಶ್ರೀ ಸ್ಪೀಕರಿಗೆ ಹಾಕಿ ಬಾಗಿಲಲ್ಲಿ ಹಿಡಿದಳು.

"ಜೀವುಕ್ಕೇನಿಲ್ವಂತೆ ಮಗ. ಸೊಂಟ ಮುರ್ದೈತೆ, ದವಡೆ ಮುರ್ದೈತೆ. ನಾಳೆ ಆಪ್ರೇಸನ್ನಂತೆ. ಏರ್ಸಿದ್ರಾ? ಬೆಂಕಿ ಆಕಿದ್ರಾ ಅಂತ ಕೈಸನ್ನೆ ಮಾಡಿ ಮಾಡಿ ಕೇಳ್ತಾವ್ರೆ."

"ಏರ್ಸಾಯ್ತು. ಆಸ್ಪತ್ರೇಲಿ ಏನಂತ ಬರ್ಸಿದ್ಯವ್ವ?"



"ಕಾಲು ಜಾರ್ತು ಅಂತ."

ಶಶಿ ಆಗ ಇನ್ನೂ ಏಣಿಯ ಮಧ್ಯದಲ್ಲಿದ್ದ. ಎತ್ತಿನ ಕೊಂಬು ಎಂದು ತಾನು ಯಾಕೆ ಬರೆಸಿದ್ದೆ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ಎರಡೂ ಪಾದ ನೆಲಕ್ಕೆ ಮುಟ್ಟಿದ ಮೇಲೆ ತಿರುಗಿ ನಿಂತ. ಗೌರೀಶ ಒಂದು ಸುತ್ತು ಚೈನು ಬಿಚ್ಚಿದ್ದ.

"ಇಳಿದ್ಯಲ್ಲ?" ಎಂದ.

"ಇಳಿದೆ."

ಚೈನು ಮುಖದ ಅಡ್ಡಕ್ಕೆ ಬಂತು. ಶಶಿ ಕೈ ಎತ್ತಲಿಲ್ಲ. ಕಿವಿಯ ಅಂಚು ಹರಿದು, ಕೆನ್ನೆ ತೆರೆದುಕೊಂಡು, ಹುಬ್ಬಿನ ಮೂಳೆಗೆ ಕಬ್ಬಿಣ ಬಡಿದ ಸದ್ದು ಚಪ್ಪರದವರೆಗೂ ಕೇಳಿತು. ಗೋಡೆಗೆ ಕುಸಿದು ಕುಳಿತ. ಎಡಗಣ್ಣಿನ ತುಂಬ ರಕ್ತ. ಒಳಗೆ ಏನಿದೆ, ಏನಿಲ್ಲ, ಅವನಿಗೇ ಗೊತ್ತಾಗಲಿಲ್ಲ.

ಭವ್ಯಶ್ರೀ ಬಂದು ಮೊಣಕಾಲೂರಿ ಸೆರಗಿನಿಂದ ರಕ್ತ ಒರೆಸಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಕಪ್ಪು ಅಂಟಿನ ಬೆರಳು ಎತ್ತಿ ಹಿಡಿದಳು.

"ಎಷ್ಟು?"

"ಎಲ್ಡು."

"ಐತೆ" ಎಂದಳು, ಯಾರಿಗೆಂದಿಲ್ಲದೆ. ಆಮೇಲೆ ಎದ್ದು ಚಪ್ಪರದ ಕಡೆ ತಿರುಗಿ, "ನಂದಿನ್ನೂ ಎಲ್ಡು ದಿನ ಐತೆ. ಮುಂದಿನ್ ಸೊಪ್ಪಿಗೆ ಯಾವತ್ತು ಅಂತ ಯೋಳಿಕಳ್ಸಿ" ಎಂದಳು.

ಗೌರೀಶ ಚೈನು ಹಿಡಿದು ಅಲ್ಲೇ ನಿಂತಿದ್ದ. ಬೀಸಿದ್ದು ಸಾಕೋ ಸಾಲದೋ ಎಂದು ಅವನಿಗೂ ಗೊತ್ತಿರಲಿಲ್ಲ.

"ಒಲೆ ಅಚ್ಚೋರು ಯಾರ್ಲಾ?" ಎಂದಳು ದೊಡ್ಡಮ್ಮ. "ಒತ್ತು ಮುಳುಗ್ತದೆ."

ಶಶಿ ಗೋಡೆ ಹಿಡಿದು ಎದ್ದ. ಹೊರಗೆ ಒಲೆಯ ಬಾಯ ಪಕ್ಕ ಸೌದೆ ಒಟ್ಟಿತ್ತು. ಅದರಿಂದ ತೋಳುದ್ದದ ಒಂದು ಕೊರಡನ್ನು ಎಳೆದುಕೊಂಡ. ಹೆಂಗಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಆ ಕೈಯಲ್ಲಿ ಕೊರಡು ಬಂದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಗೌರೀಶ ಕಾಲು ಅಗಲಿಸಿ ಚೈನನ್ನು ಬಿಗಿಮಾಡಿಕೊಂಡ. ಶಶಿ ಒಂದೇ ಕಣ್ಣಿನಲ್ಲಿ ಕೊರಡನ್ನು ನೋಡಿದ. ಸಿಲ್ವರ್ ಮರದ್ದು. ಅದರ ಬುಡವನ್ನು ಮಧ್ಯಾಹ್ನ ದಾಟಿಕೊಂಡೇ ಬಂದಿದ್ದ.

ಬಗ್ಗಿ ಅದನ್ನು ಒಲೆಗೆ ತುರುಕಿದ. ಕೆನ್ನೆಯಿಂದ ರಕ್ತ ತೊಟ್ಟಿಕ್ಕಿ ಸೌದೆಯ ಮೇಲೆ ಬೀಳುತ್ತಿತ್ತು. ಒಣ ಸೋಗೆ ಹಾಕಿ ಬೆಂಕಿ ಗೀರಿದ. ಹೊಗೆ ಮೊದಲು ಹಿಂದಕ್ಕೆ ಅವನ ಮುಖಕ್ಕೇ ಬಂದು, ಆಮೇಲೆ ದಾರಿ ಹಿಡಿಯಿತು.

ಗೌರೀಶ ಹತ್ತಿರ ಬಂದು ಒಲೆಯೊಳಗೆ ಇಣುಕಿದ. ಚೈನು ಇನ್ನೂ ಕೈಯಲ್ಲೇ ಇತ್ತು.

"ಇನ್ನೊಂದ್ ಆಕು" ಎಂದ.

ಶಶಿ ಇನ್ನೊಂದು ಕೊರಡು ಎತ್ತಿಕೊಂಡ.